ಕುಬಸದ ಮರುದಿನ ಬಂದ ಹೊಟ್ಟೆನೋವು

ಪ್ರಶ್ನೆ: ನಮ್ಮೂರು ಸೇಡಂ ಹತ್ತಿರ. ನನ್ನ ತಂಗಿಗೆ 22 ವರ್ಷ, ಚೊಚ್ಚಲ ಬಸುರಿ, ಈಗ 26 ವಾರ. ಎರಡು ವಾರದ ಹಿಂದೆ ಕುಬಸ ಮಾಡಿದ್ದೆವು. ಮರುದಿನ ಬೆಳಿಗ್ಗೆ ಹೊಕ್ಕುಳ ಸುತ್ತ ನೋವು ಬಂತು, ಎರಡು ಸಲ ವಾಂತಿ ಆಯಿತು. ಹೋಳಿಗೆ ಜಾಸ್ತಿ ಆಗಿದೆ ಅಂದುಕೊಂಡೆವು. ಊರಲ್ಲೇ ಇಂಜೆಕ್ಷನ್ ಹಾಕಿಸಿದೆವು, ಸಂಜೆಗೆ ಕಡಿಮೆ ಆಯಿತು. ರಾತ್ರಿ ಮತ್ತೆ ಶುರುವಾಯಿತು, ಈ ಸಲ ಬಲಗಡೆ. ಕಲಬುರಗಿಗೆ ಕರೆದುಕೊಂಡು ಹೋದರೆ ಅಪೆಂಡಿಕ್ಸ್, ಇವತ್ತೇ ಆಪರೇಷನ್ ಆಗಬೇಕು ಅಂದರು. ಅವಳ ಗಂಡ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಅವನು ಬರುವ ತನಕ ಬೇಡ ಅಂತ ಅತ್ತೆ ಹಟ ಹಿಡಿದರು. ಕೊನೆಗೆ ಫೋನಲ್ಲೇ ಮಾತಾಡಿ ಒಪ್ಪಿಸಿದೆವು. ಊದಿ ಕೀವು ತುಂಬಿತ್ತು, ಒಡೆದಿರಲಿಲ್ಲ ಅಂದರು ಡಾಕ್ಟರ್. ಈಗ ಮನೆಯಲ್ಲಿ ಆರಾಮಾಗಿದ್ದಾಳೆ. ಆದರೆ ಅತ್ತೆಯದು ದಿನಾ ಒಂದೇ ಮಾತು: "ಬೇಹೋಶ್ ಮಾಡ್ಯಾರ, ಕೂಸಿಗಿ ಏನರ ಆಗಿರ್ತದ. ಗುಳಿಗಿ ಮ್ಯಾಲೇ ಕಮ್ಮಿ ಆಗ್ತಿತ್ತು." ಇದು ನಿಜವೇ? ಹೆರಿಗೆ ಬೇಗ ಆಗಿಬಿಡುತ್ತದೆಯೇ? ನಾರ್ಮಲ್ ಆಗುತ್ತದೆಯೇ? ಮೊದಲ ಸ್ಕ್ಯಾನಿಂಗ್‌ನಲ್ಲಿ ಅಪೆಂಡಿಕ್ಸ್ ಕಾಣುತ್ತಿಲ್ಲ ಅಂದಿದ್ದರು. ಹಾಗಿದ್ದರೆ ಅದೇ ಕಾಯಿಲೆ ಅಂತ ಹೇಗೆ ಹೇಳಿದರು?

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನಿಮ್ಮ ತಂಗಿ ಹೆದರಬೇಕಾದ ದಿನಗಳನ್ನು ಹೆಚ್ಚುಕಡಿಮೆ ದಾಟಿದ್ದಾಳೆ. ಅಪೆಂಡಿಕ್ಸ್ ಆಪರೇಷನ್ ಆದ ಬಸುರಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಬರುವ ಭಯ ಮೊದಲ ಒಂದು ವಾರದಲ್ಲಿ ಜಾಸ್ತಿ. ಎರಡು ವಾರ ಕಳೆದಿದೆ. ಜ್ವರ ಇಲ್ಲ, ಗಾಯ ಒಣಗಿದೆ, ಕೂಸು ಒದೆಯುತ್ತಿದೆ ಅಂದರೆ ಅವಳನ್ನು ಇನ್ನು ಎಲ್ಲ ಬಸುರಿಯರಂತೆಯೇ ನೋಡಿಕೊಳ್ಳಿ.

ಅತ್ತೆಯವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವರ ಹೆದರಿಕೆ ಕೂಸಿನ ಮೇಲಿನ ಆಸೆಯಿಂದ ಬಂದದ್ದು. ಹೆದರಬೇಕಾದ ಜಾಗ ಮಾತ್ರ ತಪ್ಪಿದೆ. ನಮ್ಮ ಕಡೆ ಹತ್ತು ಮನೆಯಲ್ಲಿ ಎಂಟು ಮನೆಯವರು ಹೀಗೇ ಯೋಚಿಸುತ್ತಾರೆ. ಚಾಕು ಹಾಕಿದರೆ ಕೂಸಿಗೆ ತೊಂದರೆ, ಸುಮ್ನೆ ಕಾದರೆ ಏನೂ ಆಗುವುದಿಲ್ಲ ಅಂತ. ಲೆಕ್ಕ ಹೇಳುವುದು ಬೇರೆ.

2007ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಆಸ್ಪತ್ರೆಗಳ ದಾಖಲೆ ತೆಗೆದು ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಅಪೆಂಡಿಕ್ಸ್ ಆಪರೇಷನ್ ಆದ 3,133 ಬಸುರಿಯರಿದ್ದರು. ಬರೀ ಊದಿಕೊಂಡ ಅಪೆಂಡಿಕ್ಸ್ ತೆಗೆದವರಲ್ಲಿ ಕೂಸು ಕಳೆದುಕೊಂಡವರು 100ಕ್ಕೆ 2. ಅಪೆಂಡಿಕ್ಸ್ ಒಡೆದು ಅಥವಾ ಅದರ ಸುತ್ತ ಕೀವುಗಡ್ಡೆ ಕಟ್ಟಿ ಕೆಟ್ಟು ಹೋಗಿದ್ದವರಲ್ಲಿ 100ಕ್ಕೆ 6. ಬೇಗ ಹೆರಿಗೆ ಆದದ್ದು ಮೊದಲನೆಯವರಲ್ಲಿ 100ಕ್ಕೆ 4, ಅಪೆಂಡಿಕ್ಸ್ ಕೆಟ್ಟಿದ್ದವರಲ್ಲಿ 11. ಹಳೆಯ ವರದಿಗಳಲ್ಲಂತೂ ಒಡೆದ ಅಪೆಂಡಿಕ್ಸ್‌ನಿಂದ 100ಕ್ಕೆ 20ರಿಂದ 35 ಕೂಸುಗಳು ಹೋಗಿವೆ. ಕ್ಯಾಲಿಫೋರ್ನಿಯಾ ಅಧ್ಯಯನದ ಎರಡೂ ಗುಂಪಿನವರಿಗೆ ಮತ್ತಿನ ಇಂಜೆಕ್ಷನ್ ಕೊಟ್ಟಿದ್ದರು, ಇಬ್ಬರ ಹೊಟ್ಟೆಯನ್ನೂ ಕೊಯ್ದಿದ್ದರು. ಬೇರೆ ಆಗಿದ್ದು ಅಪೆಂಡಿಕ್ಸ್ ಎಷ್ಟು ಕೆಟ್ಟಿತ್ತು ಅನ್ನುವುದು. ಅದನ್ನು ಕೆಡಿಸುವುದು ಹೊತ್ತು. 1908ರಲ್ಲೇ ಬ್ಯಾಬ್ಲರ್ ಎನ್ನುವ ಅಮೆರಿಕದ ಸರ್ಜನ್ ಬರೆದಿದ್ದರು: ಬಸುರಿಯರಲ್ಲಿ ಈ ಕಾಯಿಲೆಯಿಂದ ಆಗುವ ಸಾವು ತಡ ಮಾಡಿದ್ದರಿಂದ ಆಗುವ ಸಾವು ಅಂತ. ಅದನ್ನು ಬರೆದಾಗ ಪೆನಿಸಿಲಿನ್ ಕೂಡ ಇರಲಿಲ್ಲ. ಈಗ ಎಲ್ಲ ಇದೆ, ಮಾತು ಹಳತಾಗಿಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ, ಅದನ್ನು ಮುಚ್ಚಿಟ್ಟರೆ ನಾನು ಅರ್ಧ ಸತ್ಯ ಹೇಳಿದಂತೆ. ಹೊಟ್ಟೆ ತೆರೆದು ನೋಡಿದಾಗ ಅಪೆಂಡಿಕ್ಸ್ ಚೆನ್ನಾಗಿಯೇ ಇದ್ದ ಬಸುರಿಯರಲ್ಲೂ 100ಕ್ಕೆ 4 ಕೂಸುಗಳು ಹೋದವು, 10 ಬೇಗ ಹುಟ್ಟಿದವು. ಹಾಗಾಗಿ ಬಲಗಡೆ ನೋವು ಅಂದ ಕೂಡಲೇ ಕೊಯ್ಯುವುದೂ ತಪ್ಪು. ಸರ್ಜನ್ ಸ್ವಲ್ಪ ಹೊತ್ತು ನೋಡುತ್ತಾರೆ, ಮತ್ತೆ ಮತ್ತೆ ಹೊಟ್ಟೆ ಮುಟ್ಟುತ್ತಾರೆ, ಸ್ಕ್ಯಾನಿಂಗ್ ಮಾಡಿಸುತ್ತಾರೆ. ಆ ಕಾಯುವುದು ಆಸ್ಪತ್ರೆ ಒಳಗೆ, ಗಂಟೆಗಳ ಲೆಕ್ಕದಲ್ಲಿ. ಮನೆಯಲ್ಲಿ ದಿನಗಳ ಲೆಕ್ಕದಲ್ಲಿ ಕಾಯುವುದು ಬೇರೆ ಮಾತು.

ಇನ್ನು ಗೊತ್ತಾಗುವುದು ಯಾಕೆ ಇಷ್ಟು ಕಷ್ಟ ಅನ್ನುವುದು. ಸುಮಾರು 1,000ದಿಂದ 2,000 ಬಸುರಿಯರಲ್ಲಿ ಒಬ್ಬಳಿಗೆ ಇದು ಬರುತ್ತದೆ. ಅಂದರೆ ಅಪರೂಪ. ಆದರೆ ಹೆರಿಗೆಗೆ ಸಂಬಂಧ ಇಲ್ಲದ ಕಾರಣಕ್ಕೆ ಬಸುರಿಯ ಹೊಟ್ಟೆಯನ್ನು ತುರ್ತಾಗಿ ತೆರೆಯಬೇಕಾಗಿ ಬಂದರೆ, ಎಲ್ಲಕ್ಕಿಂತ ಹೆಚ್ಚು ಸಲ ಕಾರಣ ಇದೇ. ಇದರ ಲಕ್ಷಣ ಏನು? ಊಟ ಸೇರದಿರುವುದು, ಹೊಟ್ಟೆ ತೊಳಸುವುದು, ವಾಂತಿ, ಹೊಟ್ಟೆನೋವು. ಇವು ಯಾವ ಬಸುರಿಗೆ ಇಲ್ಲ ಹೇಳಿ? ಅದರ ಮೇಲೆ ಕುಬಸ ಬೇರೆ. ಹಸಿರು ಬಳೆ, ಹಸಿರು ಸೀರೆ, ಐದು ಮಂದಿ ಮುತ್ತೈದೆಯರು ಒಬ್ಬರಾದ ಮೇಲೆ ಒಬ್ಬರು ಬಾಯಿಗೆ ಹೋಳಿಗೆ ತುಪ್ಪ ಇಟ್ಟ ಮೇಲೆ ಮರುದಿನ ಹೊಟ್ಟೆ ನೋಯುತ್ತದೆ ಅಂದರೆ ಯಾರಿಗೆ ಅಪೆಂಡಿಕ್ಸ್ ನೆನಪಾಗುತ್ತದೆ? ನನ್ನ ಮನೆಯಲ್ಲೇ ಆಗಿದ್ದರೂ ನಮ್ಮವ್ವ ಅಜವಾನ ಕಷಾಯವನ್ನೇ ಕುದಿಸುತ್ತಿದ್ದಳು.

ಅಜೀರ್ಣಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಉಂಡದ್ದು ಜಾಸ್ತಿ ಆಗಿ ನೋವು ಬಂದರೆ ಹಿಂಡಿದ ಹಾಗೆ ಬಂದು ಹೋಗುತ್ತದೆ, ವಾಂತಿ ಆದರೆ ಹಗುರ ಅನಿಸುತ್ತದೆ. ಅಪೆಂಡಿಕ್ಸ್ ನೋವು ಹೊಕ್ಕುಳ ಸುತ್ತ ಮಂದವಾಗಿ ಶುರುವಾಗಿ ಕೆಲವು ಗಂಟೆಗಳಲ್ಲಿ ಬಲಗಡೆ ಒಂದು ಜಾಗದಲ್ಲಿ ಕೂತುಬಿಡುತ್ತದೆ. ವಾಂತಿ ಆದರೂ ಹೋಗುವುದಿಲ್ಲ. ಸಾಮಾನ್ಯವಾಗಿ ನೋವು ಮೊದಲು, ವಾಂತಿ ಆಮೇಲೆ. ನಾನು ಒಂದು ಪ್ರಶ್ನೆ ಕೇಳುತ್ತೇನೆ: "ತಂಗಿ, ಒಂದೇ ಬೆರಳಲ್ಲಿ ತೋರಿಸವ್ವ, ಎಲ್ಲಿ ಜಾಸ್ತಿ ಅದ?" ಗ್ಯಾಸ್ ಆದವಳು ಅಂಗೈ ಪೂರ್ತಿ ಹೊಟ್ಟೆ ಮೇಲೆ ಸವರುತ್ತಾಳೆ. ಅಪೆಂಡಿಕ್ಸ್ ಆದವಳು ಬೆರಳಿಟ್ಟು ತೋರಿಸುತ್ತಾಳೆ, ಆಮೇಲೆ ಆ ಜಾಗ ಮುಟ್ಟಲು ಬಿಡುವುದಿಲ್ಲ. ಕೆಮ್ಮು ಅಂದರೆ ಅರ್ಧಕ್ಕೇ ನಿಲ್ಲಿಸುತ್ತಾಳೆ. ಜೀಪಿನಲ್ಲಿ ಬಂದವಳಾದರೆ ದಾರಿಯ ಪ್ರತಿ ಗುಂಡಿಯನ್ನೂ ನೆನಪಿಟ್ಟಿರುತ್ತಾಳೆ.

ಇನ್ನೊಂದು ಪರೀಕ್ಷೆ ಎಡಮಗ್ಗುಲಿಗೆ ಮಲಗಿಸಿ ನೋಡುವುದು. ಗರ್ಭಕೋಶದಿಂದಲೇ ಬರುವ ನೋವಾದರೆ, ಅವಳು ಮಗ್ಗುಲಾದಾಗ ಗರ್ಭಕೋಶದ ಜೊತೆ ನೋವಿನ ಜಾಗವೂ ಎಡಕ್ಕೆ ಸರಿಯುತ್ತದೆ. ಅಪೆಂಡಿಕ್ಸ್ ಆದರೆ ನೋವು ಇದ್ದಲ್ಲೇ ಇರುತ್ತದೆ. ನೂರಕ್ಕೆ ನೂರು ಸರಿ ಅಂತಲ್ಲ, ಆದರೆ ಖರ್ಚಿಲ್ಲದ ಪರೀಕ್ಷೆ.

ಹಳೆಯ ಪುಸ್ತಕಗಳಲ್ಲಿ ಒಂದು ಮಾತು ಇತ್ತು. ತಿಂಗಳು ಏರಿದ ಹಾಗೆ ಗರ್ಭಕೋಶ ಅಪೆಂಡಿಕ್ಸನ್ನು ಮೇಲಕ್ಕೆ ತಳ್ಳುತ್ತದೆ, ಹಾಗಾಗಿ ನೋವು ಪಕ್ಕೆಲುಬಿನ ಹತ್ತಿರ ಬರುತ್ತದೆ ಅಂತ. 1932ರಲ್ಲಿ ಬೇರ್ ಎನ್ನುವವರು ಎಕ್ಸ್-ರೇ ತೆಗೆದು ತೋರಿಸಿದ್ದರು. ನಾವೆಲ್ಲ ಅದನ್ನೇ ಬಾಯಿಪಾಠ ಮಾಡಿ ಪಾಸಾದವರು. ಆಮೇಲೆ ನೋಡಿದರೆ, ಮೂರು, ಆರು, ಒಂಬತ್ತು ಯಾವ ತಿಂಗಳಾದರೂ ಹೆಚ್ಚಿನವರು ನೋವು ಅಂತ ತೋರಿಸುವುದು ಬಲ ಕಿಬ್ಬೊಟ್ಟೆಯನ್ನೇ. ಕೆಲವರಿಗೆ ಮಾತ್ರ ಮೇಲೆ ಬರುತ್ತದೆ. ಒಂದಂತೂ ನಿಜ. ಬೆಳೆದ ಗರ್ಭಕೋಶ ಹೊಟ್ಟೆಯ ಗೋಡೆಗೂ ಅಪೆಂಡಿಕ್ಸ್‌ಗೂ ಮಧ್ಯೆ ಬಂದು ನಿಲ್ಲುತ್ತದೆ. ಹಾಗಾಗಿ ಬಸುರಿಯರಲ್ಲದವರಲ್ಲಿ ಹೊಟ್ಟೆ ಹಲಗೆಯ ಹಾಗೆ ಗಟ್ಟಿ ಆಗುತ್ತದಲ್ಲ, ಅದು ಬಸುರಿಯಲ್ಲಿ ಕಾಣದೇ ಇರಬಹುದು. ಹೊಟ್ಟೆ ಮೆತ್ತಗಿದೆ, ಏನಿಲ್ಲ ಬಿಡಿ ಅಂತ ಕಳಿಸುವುದು ಇದಕ್ಕೇ.

ರಕ್ತ ಪರೀಕ್ಷೆಯೂ ಹಾದಿ ತಪ್ಪಿಸುತ್ತದೆ. ಸಾಮಾನ್ಯರಲ್ಲಿ ಬಿಳಿ ರಕ್ತಕಣ 11,000 ದಾಟಿದರೆ ಎಲ್ಲೋ ಸೋಂಕು ಇದೆ ಅನ್ನುತ್ತೇವೆ. ಆರೋಗ್ಯವಂತ ಬಸುರಿಯಲ್ಲಿ ಅದು 16,000 ತನಕ ಇರಬಹುದು, ಹೆರಿಗೆ ಹೊತ್ತಿಗೆ 20,000 ದಾಟಿದರೂ ಆಶ್ಚರ್ಯ ಇಲ್ಲ. ಆದ್ದರಿಂದ ಆ ಒಂದು ಸಂಖ್ಯೆ ನೋಡಿ ಹೌದು ಅಂತಲೂ ಹೇಳಲಾಗದು, ಅಲ್ಲ ಅಂತಲೂ ಹೇಳಲಾಗದು.

ನಾನೂ ಒಮ್ಮೆ ಇದರಲ್ಲಿ ಎಡವಿದ್ದೇನೆ. ಆಗಷ್ಟೇ ಕೆಲಸಕ್ಕೆ ಸೇರಿದ ಕಾಲ. ಮೇ ತಿಂಗಳು, ಮಧ್ಯಾಹ್ನ ಹೊರಗೆ ಕಾಲಿಡಲಾಗದ ಬಿಸಿಲು. 30 ವಾರದ ಬಸುರಿ, ಬಲಗಡೆ ನೋವು ಅಂತ ಬಂದಳು. ಮೂತ್ರದಲ್ಲಿ ಕೀವಿನ ಕಣ ಇತ್ತು. ಸ್ಕ್ಯಾನಿಂಗ್‌ನಲ್ಲಿ ಬಲ ಕಿಡ್ನಿ ಸ್ವಲ್ಪ ಊದಿದೆ ಅಂತ ಬರೆದಿದ್ದರು. ಬಿಸಿಲು ಜಾಸ್ತಿ, ನೀರು ಕುಡಿಯುವುದು ಕಡಿಮೆ, ಕಿಡ್ನಿ ಸ್ಟೋನ್ ಇಲ್ಲಾ ಮೂತ್ರದ ಸೋಂಕು ಅಂತ ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಗುಳಿಗೆ ಬರೆದು, ನೀರು ಕುಡಿ ಅಂತ ಕಳಿಸಿದೆ. ಬಸುರಿಯರಲ್ಲಿ ಬಲ ಕಿಡ್ನಿ ಒಂಚೂರು ಊದಿರುವುದು ಮಾಮೂಲು. ಊದಿದ ಅಪೆಂಡಿಕ್ಸ್ ಮೂತ್ರನಾಳಕ್ಕೆ ತಾಗಿಕೊಂಡಿದ್ದರೆ ಮೂತ್ರದಲ್ಲಿ ಕೀವಿನ ಕಣ ಕಾಣಿಸುತ್ತದೆ. ಎರಡೂ ನನಗೆ ಗೊತ್ತಿತ್ತು, ಆ ಹೊತ್ತಿಗೆ ಹೊಳೆಯಲಿಲ್ಲ. ಮೂರನೇ ದಿನ ರಾತ್ರಿ ಅವಳು ವಾಪಸ್ ಬಂದಾಗ ಮೈ ಕಾದ ಹೆಂಚಿನ ಹಾಗಿತ್ತು. ಅಪೆಂಡಿಕ್ಸ್ ಒಡೆದಿತ್ತು. ಆಪರೇಷನ್ ಆದ ಎರಡನೇ ದಿನ ಬ್ಯಾನಿ ಶುರುವಾಗಿ ಹೆರಿಗೆ ಆಯಿತು. 1 ಕಿಲೋ 300 ಗ್ರಾಂ ಕೂಸು. ಐದು ವಾರ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು, ಉಳಿಯಿತು. ಆ ಐದು ವಾರ ನಾನು ದಿನಾ ಆ ವಾರ್ಡಿಗೆ ಹೋಗಿ ಅದರ ತೂಕ ನೋಡಿ ಬರುತ್ತಿದ್ದೆ.

ಒಡೆದರೆ ಬಸುರಿಗೆ ಯಾಕೆ ಇಷ್ಟು ಕಷ್ಟ ಅಂದರೆ, ನಮ್ಮ ಹೊಟ್ಟೆಯೊಳಗೆ ಕೊಬ್ಬಿನ ಒಂದು ಪರದೆ ಇದೆ. ಎಲ್ಲಿ ಸೋಂಕಾದರೂ ಅದು ಹೋಗಿ ಸೆರಗಿನ ಹಾಗೆ ಸುತ್ತಿಕೊಂಡು ಕೀವು ಹರಡದ ಹಾಗೆ ನೋಡಿಕೊಳ್ಳುತ್ತದೆ. ಗರ್ಭಕೋಶ ದೊಡ್ಡದಾದ ಮೇಲೆ ಅದಕ್ಕೆ ಆ ಜಾಗ ತಲುಪುವುದು ಕಷ್ಟ. ಕೀವು ಹೊಟ್ಟೆ ತುಂಬ ಹರಿಯುತ್ತದೆ. ಪಕ್ಕದಲ್ಲೇ ಇರುವ ಗರ್ಭಕೋಶ ಕೆರಳಿ ಹಿಂಡಲು ಶುರು ಮಾಡುತ್ತದೆ. ಬೇಗ ಹೆರಿಗೆ ಆಗುವುದು ಹೀಗೆ.

ಇಂಜೆಕ್ಷನ್ ಹಾಕಿಸಿದ ಮೇಲೆ ನೋವು ಕಡಿಮೆ ಆಯಿತು ಅಂದಿರಿ. ಅದು ನೋವನ್ನು ಮುಚ್ಚಿತು, ಒಳಗಿನ ಕೆಲಸ ನಡೆದೇ ಇತ್ತು. ಯಾವ ಇಂಜೆಕ್ಷನ್ ಅಂತ ನೀವು ಬರೆದಿಲ್ಲ. ನಮ್ಮ ಹಳ್ಳಿಗಳಲ್ಲಿ ಬಹಳ ಸಲ ಡೈಕ್ಲೋಫೆನಾಕ್ ಎನ್ನುವ ನೋವಿನ ಔಷಧ ಹಾಕುತ್ತಾರೆ. 20 ವಾರ ದಾಟಿದ ಬಸುರಿಗೆ ಆ ಜಾತಿಯ ಔಷಧ ಡಾಕ್ಟರ್ ಹೇಳದೆ ಬೇಡ. ಕೂಸಿನ ಕಿಡ್ನಿಗೆ ತೊಂದರೆಯಾಗಿ ಸುತ್ತಲಿನ ನೀರು ಕಡಿಮೆ ಆಗಬಹುದು. ಒಂದು ಡೋಸಿಗೆ ಗಾಬರಿ ಬೇಡ, ಮುಂದಿನ ಸ್ಕ್ಯಾನಿಂಗ್‌ನಲ್ಲಿ ನೀರು ಸರಿಯಾಗಿದೆಯಾ ಕೇಳಿ, ಅಷ್ಟು ಸಾಕು. ಪ್ಯಾರಾಸಿಟಮಾಲ್ ಆಗಬಹುದು. ಇನ್ನೊಂದು ಥರದ 'ಕಡಿಮೆ' ಇದೆ, ಅದು ಇನ್ನೂ ಕೆಟ್ಟದ್ದು. ಇಡೀ ರಾತ್ರಿ ಒದ್ದಾಡಿದವಳಿಗೆ ಏನೂ ಔಷಧ ಇಲ್ಲದೆ ಬೆಳಗಿನ ಜಾವ ಒಮ್ಮೆಲೇ ಹಗುರ ಅನಿಸಿದರೆ, ಅಪೆಂಡಿಕ್ಸ್ ಒಡೆದಿರಬಹುದು. ಸ್ವಲ್ಪ ಹೊತ್ತಿಗೆ ಹೊಟ್ಟೆಯೆಲ್ಲ ನೋವು, ಚಳಿಜ್ವರ ಬರುತ್ತದೆ. ಔಡಲ ಎಣ್ಣೆ ಕುಡಿಸುವುದು, ಎನಿಮಾ ಕೊಡುವುದು, ಹೊಕ್ಕುಳ ಸರಿದಿದೆ ಅಂತ ಹೊಟ್ಟೆ ತಿಕ್ಕಿಸುವುದು, ಇವು ಮೂರೂ ಬಸುರಿಯ ಹೊಟ್ಟೆನೋವಿಗೆ ಬೇಡವೇ ಬೇಡ.

ಸ್ಕ್ಯಾನಿಂಗ್ ವಿಷಯ. ಬಸುರಿಯರಿಗೆ ಮೊದಲು ಮಾಡುವುದು ಅಲ್ಟ್ರಾಸೌಂಡ್. 6 ಮಿಲಿಮೀಟರಿಗಿಂತ ದಪ್ಪ, ಒತ್ತಿದರೂ ಚಪ್ಪಟೆ ಆಗದ ಅಪೆಂಡಿಕ್ಸ್ ಕಂಡರೆ ರೋಗ ಖಾತ್ರಿ. ಆದರೆ ಆರು ತಿಂಗಳ ಹೊಟ್ಟೆಯಲ್ಲಿ ಕೂಸಿನ ಹಿಂದೆ ಅಡಗಿದ ಕಿರುಬೆರಳಿನಷ್ಟಿರುವ ನಳಿಗೆ ಹುಡುಕಬೇಕಲ್ಲ. ಬಹಳ ಸಲ ಸಿಗುವುದಿಲ್ಲ. 'ಕಾಣಲಿಲ್ಲ' ಅಂತ ಬರೆದಿದ್ದರೆ ಅದರ ಅರ್ಥ ಕಾಣಲಿಲ್ಲ ಅಂತ ಅಷ್ಟೇ. 'ಚೆನ್ನಾಗಿದೆ' ಅಂತ ಓದಿಕೊಳ್ಳಬಾರದು. ಆ ಹೊತ್ತಿನಲ್ಲಿ ಬಣ್ಣದ ಔಷಧ ಹಾಕದ ಎಂ.ಆರ್.ಐ. ಒಳ್ಳೆಯದು, ಅದರಲ್ಲಿ ವಿಕಿರಣ ಇಲ್ಲ. ಅದು ಸಿಗದ ಕಡೆ, ತೀರಾ ಅನುಮಾನ ಇದ್ದಾಗ ಸಿ.ಟಿ. ಮಾಡಿದರೂ ಕೂಸಿಗೆ ತಾಗುವ ವಿಕಿರಣ ಅಪಾಯದ ಗೆರೆ ಅನ್ನುವ 50 ಮಿಲಿಗ್ರೇಗಿಂತ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ನಿಮ್ಮ ತಂಗಿಯದನ್ನು ಸರ್ಜನ್ ನೋವು ಜಾಗ ಬದಲಿಸಿದ ರೀತಿ, ಮುಟ್ಟಿದಾಗಿನ ನೋವು ಇದರ ಮೇಲೇ ಹಿಡಿದಿರಬೇಕು. ಅವರ ಕೈ ಚೆನ್ನಾಗಿದೆ ಅನ್ನಬೇಕು.

ಗುಳಿಗೆಯಲ್ಲೇ ಕಮ್ಮಿ ಆಗುತ್ತಿತ್ತೇ? ಅತ್ತೆಯವರ ಮಾತು ಪೂರ್ತಿ ಕಲ್ಪನೆ ಅಲ್ಲ. ಬಸುರಿಯರಲ್ಲದವರಿಗೆ ಆಂಟಿಬಯೋಟಿಕ್ ಕೊಟ್ಟೇ ಅಪೆಂಡಿಕ್ಸ್ ಶಮನ ಮಾಡುವುದು ಈಗ ಒಂದು ದಾರಿಯಾಗಿದೆ. 2020ರಲ್ಲಿ ಅಮೆರಿಕದಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ ಹಾಗೆ ಮಾಡಿದವರ ಪೈಕಿ 10ರಲ್ಲಿ 3 ಮಂದಿಗೆ ಮೂರು ತಿಂಗಳೊಳಗೆ ಆಪರೇಷನ್ ಆಗಲೇಬೇಕಾಯಿತು. ಅದರಲ್ಲಿ ಬಸುರಿಯರನ್ನು ಸೇರಿಸಿಕೊಂಡಿರಲಿಲ್ಲ. ನಿಮ್ಮ ತಂಗಿಗೆ ಹೆರಿಗೆಗೆ ಇನ್ನೂ ಮೂರು ತಿಂಗಳ ಮೇಲಿದೆ. ಆ ಮೂವರಲ್ಲಿ ಅವಳೂ ಒಬ್ಬಳಾಗಿ, ಎಂಟನೇ ತಿಂಗಳಲ್ಲಿ ಒಡೆದು ಬಂದಿದ್ದರೆ? ಅದಕ್ಕೇ ಬಸುರಿಯರಲ್ಲಿ ರೋಗ ಖಾತ್ರಿಯಾದ ಮೇಲೆ ಆಪರೇಷನ್ನೇ ಮೊದಲ ಮಾತು. ಆಂಟಿಬಯೋಟಿಕ್ ಅದರ ಜೊತೆಗೆ.

ಬೇಹೋಶ್ ಮಾಡಿದ್ದಕ್ಕೆ ಬರೋಣ. ಈಗ ಬಳಸುವ ಮತ್ತಿನ ಔಷಧಗಳಲ್ಲಿ ಯಾವುದೂ ಮಾಮೂಲಿ ಪ್ರಮಾಣದಲ್ಲಿ ಕೂಸಿಗೆ ಅಂಗವಿಕಲತೆ ತಂದದ್ದು ಕಂಡುಬಂದಿಲ್ಲ. ಕೂಸಿನ ಅಂಗಾಂಗ ಮೂಡುವುದು ಮೊದಲ ಮೂರು ತಿಂಗಳಲ್ಲಿ. 24 ವಾರಕ್ಕೆ ಅವೆಲ್ಲ ಮೂಡಿಯಾಗಿರುತ್ತವೆ. ತಾಯಿ ಜೊತೆ ಕೂಸೂ ಸ್ವಲ್ಪ ಹೊತ್ತು ನಿದ್ದೆ ಹೋಗುತ್ತದೆ, ಎದ್ದು ಮತ್ತೆ ಒದೆಯುತ್ತದೆ. ಮತ್ತಿನ ಔಷಧ ಕೊಡುವ ಡಾಕ್ಟರ್ ನಿಜವಾಗಿ ಕಣ್ಣಿಡುವುದು ತಾಯಿಯ ಬಿ.ಪಿ. ಮತ್ತು ಆಕ್ಸಿಜನ್ ಮೇಲೆ. ಅವು ಸರಿ ಇದ್ದರೆ ಕೂಸಿಗೂ ಸರಿ. ಟೇಬಲ್ ಮೇಲೆ ಅವಳನ್ನು ಸ್ವಲ್ಪ ಎಡಕ್ಕೆ ವಾಲಿಸಿ ಮಲಗಿಸುತ್ತಾರೆ, ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳದಿರಲಿ ಅಂತ. ಮೊದಲೂ ಆಮೇಲೂ ಕೂಸಿನ ಎದೆಬಡಿತ ಕೇಳಿ ಬರೆದಿಡುತ್ತಾರೆ. ಡಿಸ್ಚಾರ್ಜ್ ಕಾರ್ಡ್ ತೆಗೆದು ನೋಡಿ, ಆ ಎರಡು ಅಂಕಿ ಇರಬೇಕು. ಅತ್ತೆಯವರಿಗೆ ಅದನ್ನೇ ಓದಿ ಹೇಳಿ. ನನ್ನ ಮಾತಿಗಿಂತ ಅದು ಜಾಸ್ತಿ ನಾಟುತ್ತದೆ. ದೂರಬೀನು (ಲ್ಯಾಪರೋಸ್ಕೋಪ್) ಹಾಕಿ ಮಾಡಿದರೋ ಕೊಯ್ದು ಮಾಡಿದರೋ ನೀವು ಹೇಳಿಲ್ಲ. ಎರಡೂ ಸರಿ. ಆ ಸರ್ಜನ್‌ಗೆ ಯಾವುದರಲ್ಲಿ ಕೈ ಪಳಗಿದೆ ಅನ್ನುವುದು ಮುಖ್ಯ.

ಹೆರಿಗೆ ನಾರ್ಮಲ್ ಆಗಬಹುದು. ಅಪೆಂಡಿಕ್ಸ್ ಗಾಯಕ್ಕೂ ಸಿಸೇರಿಯನ್‌ಗೂ ಸಂಬಂಧ ಇಲ್ಲ. ಗರ್ಭಕೋಶವನ್ನು ಕೊಯ್ದಿಲ್ಲ, ಅದರಲ್ಲಿ ಹೊಲಿಗೆ ಇಲ್ಲ. ಮುಕ್ಕಿರಿದರೆ ಹೊಲಿಗೆ ಬಿಚ್ಚುತ್ತದೆ ಅನ್ನುವ ಭಯ ಬೇಡ, ಹೆರಿಗೆ ಹೊತ್ತಿಗೆ ಗಾಯ ಮಾಗಿ ಎಷ್ಟೋ ದಿನ ಆಗಿರುತ್ತದೆ. ಬೇರೆ ಕಾರಣಕ್ಕೆ ಸಿಸೇರಿಯನ್ ಬೇಕಾದರೆ ಅದು ಬೇರೆ ವಿಷಯ. ಹೊಟ್ಟೆ ಬೆಳೆದ ಹಾಗೆ ಗಾಯದ ಜಾಗ ಎಳೆದಂತೆ, ತುರಿಸಿದಂತೆ ಆಗುವುದುಂಟು. ಕೊಬ್ಬರಿ ಎಣ್ಣೆ ಹಚ್ಚಲಿ. ಮುಂದೆ ಬಸುರಿ ಆಗುವುದಕ್ಕೂ ತೊಂದರೆ ಇಲ್ಲ. ಬಾಣಂತಿಗೆ ಕೊಡುವ ಊಟವನ್ನು ಈಗಿನಿಂದಲೇ ಶುರು ಮಾಡಿ ಬರೀ ಅನ್ನ ಸಾರು ಕೊಡಬೇಡಿ. ರೊಟ್ಟಿ, ಬೇಳೆ, ಪುಂಡಿ ಪಲ್ಯ, ಮೊಟ್ಟೆ ಎಲ್ಲ ತಿನ್ನಲಿ. ಕಬ್ಬಿಣದ ಗುಳಿಗೆ ನಿಲ್ಲಿಸಿದ್ದರೆ ಮತ್ತೆ ಶುರು ಮಾಡಿ.

ಹೊಟ್ಟೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕಲ್ಲಿನ ಹಾಗೆ ಗಟ್ಟಿಯಾಗುವುದು, ನೀರು ಅಥವಾ ರಕ್ತ ಹೋಗುವುದು, ಜ್ವರ, ಗಾಯದಿಂದ ಕೀವು, ಕೂಸಿನ ಒದೆತ ಕಡಿಮೆ ಅನಿಸುವುದು, ಒಂದು ಕಾಲು ಮಾತ್ರ ಊದಿ ನೋಯುವುದು. ಇದರಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಅನ್ನಬೇಡಿ, 108ಕ್ಕೆ ಫೋನ್ ಮಾಡಿ. ಸೇಡಂನಿಂದ ಕಲಬುರಗಿ 50 ಚಿಲ್ಲರೆ ಕಿಲೋಮೀಟರ್. ಹೋಗುವ ಮೊದಲು ಸರ್ಜನ್, ಹೆರಿಗೆ ಡಾಕ್ಟರ್, ಮತ್ತು ದಿನ ತುಂಬದ ಕೂಸನ್ನು ಇಡುವ ಘಟಕ ಮೂರೂ ಒಂದೇ ಕಡೆ ಇರುವ ಆಸ್ಪತ್ರೆಯನ್ನೇ ಕೇಳಿಕೊಳ್ಳಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸುತ್ತುವುದರಲ್ಲೇ ಎಷ್ಟೋ ಮಂದಿಯ ಹೊತ್ತು ಹೋಗುತ್ತದೆ.

ಗಂಡ ಬರಲಿ ಅಂತ ಕಾದ ವಿಷಯಕ್ಕೆ ಒಂದು ಮಾತು. ತಂಗಿಗೆ 22 ವರ್ಷ ಅಂದಿರಿ. 18 ದಾಟಿ, ಎಚ್ಚರದಲ್ಲಿದ್ದು, ತಿಳಿದು ಒಪ್ಪುವವಳಾದರೆ ಅವಳ ಆಪರೇಷನ್‌ಗೆ ಅವಳ ಸಹಿಯೇ ಸಾಕು. ಮನೆಯವರ ಒಪ್ಪಿಗೆ ಇದ್ದರೆ ಎಲ್ಲರಿಗೂ ನೆಮ್ಮದಿ, ಆಸ್ಪತ್ರೆಯವರೂ ಅದನ್ನು ಕೇಳುತ್ತಾರೆ. ಆದರೆ ಅದಕ್ಕಾಗಿ ಪುಣೆ ಬಸ್ಸು ಬರುವ ತನಕ ಕೀವು ನಿಲ್ಲುವುದಿಲ್ಲ. ನೀವು ಫೋನಲ್ಲಿ ಒಪ್ಪಿಸಿದಿರಲ್ಲ, ಅದರಿಂದ ಅರ್ಧ ದಿನ ಉಳಿಯಿತು. ಒಡೆಯುವ ಮೊದಲೇ ತೆಗೆಯಲು ಸಿಕ್ಕಿದ್ದು ಆ ಅರ್ಧ ದಿನದಿಂದಲೇ ಇರಬಹುದು.

ಕೊನೆಗೆ ಒಂದು ಕೆಲಸ ಬಾಕಿ ಇದೆ. ತೆಗೆದ ಅಪೆಂಡಿಕ್ಸನ್ನು ಪರೀಕ್ಷೆಗೆ ಕಳಿಸಿರುತ್ತಾರೆ. ವರದಿ ಬರಲು ವಾರ ಹತ್ತು ದಿನ ಹಿಡಿಯುತ್ತದೆ, ಹೆಚ್ಚಿನವರು ಅದನ್ನು ಒಯ್ಯಲು ವಾಪಸ್ ಹೋಗುವುದೇ ಇಲ್ಲ. ನಮ್ಮ ಕಡೆ ಆ ಜಾಗದಲ್ಲಿ ಒಮ್ಮೊಮ್ಮೆ ಕ್ಷಯ ಅಡಗಿರುತ್ತದೆ, ಅದು ಗೊತ್ತಾಗುವುದು ಈ ಕಾಗದದಲ್ಲೇ. ಮುಂದಿನ ಸಲ ಕಲಬುರಗಿಗೆ ಬಂದಾಗ ಇಸಿದುಕೊಂಡು, ಡಿಸ್ಚಾರ್ಜ್ ಕಾರ್ಡ್ ಜೊತೆ ತಾಯಿ ಕಾರ್ಡಿನೊಳಗೆ ಇಟ್ಟುಬಿಡಿ.